ಒಡೆದ 11 ಬಾರುಗಳು: ತಾಮ್ರದ ಒಳಗೆ ಇಣುಕಿದ ಮೂರು ತಿಂಗಳ ಲಾಗ್

ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ನಮ್ಮದೊಂದು ಮೋಟರ್ ರಿವೈಂಡಿಂಗ್ ಶೆಡ್ಡು. ತಂತಿ ಸುತ್ತೋದು ನಮ್ಮ ಕಸುಬು, ಲೋಹಶಾಸ್ತ್ರ ಅಲ್ಲ. ಆದರೂ ಈ ಚಳಿಗಾಲದಲ್ಲಿ ತಂತಿಗಿಂತ ಹೆಚ್ಚು ಹೊತ್ತು ನಾನು ನೋಡಿದ್ದು ಮೈಕ್ರೋಸ್ಕೋಪಿನ ಕೆಳಗಿನ ತಾಮ್ರವನ್ನು. ಡೈರಿಯಲ್ಲಿ ಗೀಚಿಟ್ಟದ್ದನ್ನು ತಪ್ಪುಗಳ ಸಮೇತ ಇಲ್ಲಿ ಇಳಿಸುತ್ತಿದ್ದೇನೆ. ತಾಮ್ರದ ಬಾರಿಗೆ, ಅಂದರೆ ಪಟ್ಟಿಗೆ, ಗ್ಯಾಸಿನ ಉರಿ ಹಚ್ಚುವವರು ಯಾರಾದರೂ ಓದಿದರೆ ನನ್ನ ಖರ್ಚು ಅವರಿಗೆ ಉಳಿದೀತು.

ಡಿಸೆಂಬರ್ 27: ಮೋಟರು ವಾಪಸ್

ಗದಗ ಕಡೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರ 75 ಎಚ್‌ಪಿ ಮೋಟರು. ನವೆಂಬರ್ 18ಕ್ಕೆ ನಮ್ಮಲ್ಲಿಂದ ರಿಪೇರಿಯಾಗಿ ಹೋದದ್ದು 39 ದಿನಕ್ಕೆ ಅದೇ ಟೆಂಪೋದಲ್ಲಿ ತಿರುಗಿ ಬಂತು. ಲೋಡ್ ಹಾಕಿದರೆ ಗುಂಯ್ ಎನ್ನುವ ಸದ್ದು ಏರುವುದು, ಇಳಿಯುವುದು. ಆಮ್‌ಮೀಟರಿನ ಮುಳ್ಳು ತೊಟ್ಟಿಲಿನ ಹಾಗೆ ತೂಗುವುದು. ಈ ಕಸುಬಿನಲ್ಲಿ ಇರುವವರಿಗೆ ಇಷ್ಟು ಸಾಕು, ರೋಟರಿನ (ಮೋಟರಿನೊಳಗೆ ತಿರುಗುವ ಭಾಗ) ಬಾರ್ ಒಡೆದಿದೆ.

ಹಳೆಯ ಮೋಟರು ಅದು. ರೋಟರ್ ಅಲ್ಯೂಮಿನಿಯಂ ಎರಕದ್ದಲ್ಲ. 44 ತಾಮ್ರದ ಬಾರು, ಒಂದೊಂದೂ 6 ಮಿಮೀ ದಪ್ಪ, 20 ಮಿಮೀ ಅಗಲ, 410 ಮಿಮೀ ಉದ್ದ. ಎರಡೂ ತುದಿಗೆ ಬಾರುಗಳನ್ನು ಕೂಡಿಸುವ ತಾಮ್ರದ ಬಳೆ, ಅಂದರೆ ಎಂಡ್ ರಿಂಗು, ಗ್ಯಾಸಿನಲ್ಲಿ ಬ್ರೇಜ್ ಮಾಡಿದ್ದು (ಬೇರೆ ಲೋಹದ ರಾಡು ಕರಗಿಸಿ ಬೆಸೆದದ್ದು). ನವೆಂಬರಿನಲ್ಲಿ ಬಾರುಗಳನ್ನೆಲ್ಲ ಹೊಸದು ಹಾಕಿದವರು ನಾವೇ. ಬಿರುಕು ತೋರಿಸುವ ಕೆಂಪು ಸ್ಪ್ರೇ ಹೊಡೆದು ನೋಡಿದೆ. ಒಂದು ಬದಿಗೆ 7, ಇನ್ನೊಂದು ಬದಿಗೆ 4, ಒಟ್ಟು 11 ಬಾರು ಸೀಳಿದ್ದವು. ಎಲ್ಲವೂ ರಿಂಗಿನಿಂದ 3ರಿಂದ 6 ಮಿಮೀ ಅಂತರದಲ್ಲೇ. ಬೆಸುಗೆ ಬಿಟ್ಟಿರಲಿಲ್ಲ, ಬೆಸುಗೆಯ ಪಕ್ಕದ ತಾಮ್ರವೇ ಒಡೆದಿತ್ತು.

ನಾನು ಮಾಡಿದ ಮೊದಲ ಕೆಲಸ ಬ್ರೇಜಿಂಗ್ ಮಾಡುವ ನಮ್ಮ ಕಾಕಾನ ಮೇಲೆ ಹರಿಹಾಯ್ದದ್ದು. ಬಾರು ಸುಟ್ಟು ಹಾಕಿದ್ದೀ ಅಂದೆ. ಅವರು ಟಾರ್ಚ್ ಕೆಳಗಿಟ್ಟು ಇಷ್ಟೇ ಅಂದರು: "ತಮ್ಮಾ, ಗ್ಯಾಸ್ ಹಿಡದು ಮೂವತ್ತು ವರ್ಷ ಆತು. ಬೆಸಗಿ ಬಿಟ್ಟಿದ್ರ ನನ್ನ ತಪ್ಪು. ತಾಂಬ್ರ ಒಡದದ್ದು ನನ್ನ ಕೈಯಿಂದಲ್ಲ." ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಗಿರಾಕಿಗೆ ನಮ್ಮಲ್ಲಿದ್ದ ಹಳೆಯ 60 ಎಚ್‌ಪಿ ಮೋಟರು ಕೊಟ್ಟು ಕಳಿಸಿದೆ. ಸೀಸನ್ನಿನ ಹೊತ್ತು, ಅವರಿಂದ ಬೈಗುಳವೂ ಬಿತ್ತು. ತಪ್ಪು ನಮ್ಮದೇ, ಕೇಳಿಕೊಂಡೆ.

ಜನವರಿ 2: ತಾಮ್ರ ಶುದ್ಧವೇ?

ನವೆಂಬರಿನ ಲಾಟಿನದೇ 2 ಮೀಟರ್ ತುಂಡು ಉಳಿದಿತ್ತು. ಗ್ಯಾಸ್ ಕಾಣದ ಬಾರು ಹೀಗೆ ಕೈಲಿದ್ದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಅಂಗಡಿಯವರು ಕೊಟ್ಟ ಸರ್ಟಿಫಿಕೇಟಿನಲ್ಲಿ ತಾಮ್ರ 99.9 ಎಂದಿತ್ತು. ನಂಬಿಕೆ ಬರದೆ 1,200 ರೂಪಾಯಿ ಕೊಟ್ಟು ಸ್ಪೆಕ್ಟ್ರೋ ಟೆಸ್ಟ್ ಮಾಡಿಸಿದೆ. 99.93 ಬಂತು. ಸೀಸ, ತವರ, ಸತು, ಕಬ್ಬಿಣ ಎಲ್ಲ ಹೆಸರಿಗೆ ಮಾತ್ರ. ಆ ಕಾಗದದಲ್ಲಿ ಆಮ್ಲಜನಕದ ಸಾಲೇ ಇಲ್ಲ ಎಂಬುದು ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ.

ನಂತರ ವಿದ್ಯುತ್ ಪರೀಕ್ಷೆ. ಡಿಸಿ ವೆಲ್ಡಿಂಗ್ ಇನ್ವರ್ಟರಿನಿಂದ 100 ಆಂಪಿಯರ್ ಹರಿಸಿ, ಸರಿಯಾಗಿ 1 ಮೀಟರ್ ಅಂತರದ ಎರಡು ಬಿಂದುಗಳ ನಡುವೆ ಮಲ್ಟಿಮೀಟರಿನಲ್ಲಿ ಮಿಲಿವೋಲ್ಟ್ ಓದಿದೆ. 120 ಚದರ ಮಿಮೀ ಬಾರಿಗೆ, 1913ರಲ್ಲಿ ಜಗತ್ತು ಒಪ್ಪಿಕೊಂಡ ತಾಮ್ರದ ಅಳತೆಯ ಪ್ರಕಾರ, 14.4 ಬರಬೇಕು. ಬಂದದ್ದು 15.1. ಚೊಕ್ಕ ತಾಮ್ರದ ಶೇ 95 ವಾಹಕತೆ ಅಷ್ಟೇ! ಸಿಕ್ಕಿಬಿದ್ದ ಕಳ್ಳ ಎಂದು ಅಂಗಡಿಗೆ ಫೋನ್ ಹಚ್ಚುವುದರಲ್ಲಿದ್ದೆ. ಪಿಯುಸಿ ಓದುವ ಮಗಳು ಲೆಕ್ಕ ನೋಡಿ, "ಅಪ್ಪಾ, ಇದು 20 ಡಿಗ್ರಿ ಲೆಕ್ಕ. ನಮ್ಮ ಶೆಡ್ಡಿನ್ಯಾಗ 31 ಐತಿ" ಅಂದಳು. ಒಂದು ಡಿಗ್ರಿ ಏರಿದರೆ ತಾಮ್ರದ ರೋಧ ಶೇ 0.39 ಏರುತ್ತದೆ. ಅದನ್ನು ಕಳೆದು ನೋಡಿದರೆ ಶೇ 99.3. ಕರೆಂಟಿನ ಮಟ್ಟಿಗೆ ಚೊಕ್ಕ ತಾಮ್ರ. ಫೋನ್ ಕೆಳಗಿಟ್ಟೆ.

ಶುದ್ಧ ಇದೆ, ಕರೆಂಟು ಚೆನ್ನಾಗಿ ಒಯ್ಯುತ್ತದೆ, ಆದರೆ ಬ್ರೇಜ್ ಮಾಡಿದ ಜಾಗದ ಪಕ್ಕ ಬಿಸ್ಕೀಟಿನ ಹಾಗೆ ಒಡೆಯುತ್ತದೆ. ಇನ್ನು ಒಳಗೆ ನೋಡದೆ ದಾರಿ ಇರಲಿಲ್ಲ. ಲೋಹ ನೋಡುವ ಮೈಕ್ರೋಸ್ಕೋಪ್ ಇರುವ ಒಂದು ಕಾಲೇಜಿಗೆ ಹೋಗಿ ಕೇಳಿದೆ. ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕೊಡಿ, ಮುಂದಿನ ತಿಂಗಳು ನೋಡೋಣ ಅಂದರು. ನನಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಜನವರಿ 5ರಿಂದ 11: ಮೈಕ್ರೋಸ್ಕೋಪ್ ಕಟ್ಟಿದ್ದು

ಧಾರವಾಡದಲ್ಲಿ ಹಳೆಯ ಲ್ಯಾಬ್ ಸಾಮಾನು ಮಾರುವವರ ಹತ್ತಿರ ವಿದ್ಯಾರ್ಥಿಗಳ ಮೈಕ್ರೋಸ್ಕೋಪ್ 2,800 ರೂಪಾಯಿಗೆ ಸಿಕ್ಕಿತು. 4, 10, 40 ಪಟ್ಟಿನ ಮೂರು ಆಬ್ಜೆಕ್ಟಿವ್ (ಸ್ಯಾಂಪಲ್ ಕಡೆಯ ಲೆನ್ಸು), 10 ಪಟ್ಟಿನ ಐಪೀಸ್ (ಕಣ್ಣಿನ ಕಡೆಯದು). ತೊಂದರೆ ಏನೆಂದರೆ ಇದರ ಬೆಳಕು ಕೆಳಗಿನಿಂದ ಬರುತ್ತದೆ. ಈರುಳ್ಳಿ ಸಿಪ್ಪೆಗೆ ಅದು ಸರಿ. ತಾಮ್ರದಲ್ಲಿ ಬೆಳಕು ಹಾಯುವುದಿಲ್ಲ, ಮೇಲಿನಿಂದಲೇ ಬೀಳಬೇಕು, ಅದೂ ಆಬ್ಜೆಕ್ಟಿವಿನ ಒಳಗಿನಿಂದಲೇ.

ಮೊದಲ ಪ್ರಯತ್ನ: ಆಬ್ಜೆಕ್ಟಿವಿಗೂ ಸ್ಯಾಂಪಲ್ಲಿಗೂ ನಡುವೆ ಕವರ್ ಗ್ಲಾಸನ್ನು (ಸ್ಲೈಡಿನ ಮೇಲೆ ಹೊದಿಸುವ ತೆಳು ಗಾಜು) 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಎಲ್‌ಇಡಿ ಹಾಯಿಸಿದೆ. 10 ಪಟ್ಟಿಗೆ ಹೇಗೋ ನಡೆಯಿತು. 40 ಪಟ್ಟಿನ ಆಬ್ಜೆಕ್ಟಿವ್ ಮತ್ತು ಸ್ಯಾಂಪಲ್ ನಡುವಿನ ಜಾಗ ಅರ್ಧ ಮಿಲಿಮೀಟರಿನಷ್ಟು, ಅಲ್ಲಿ ಗಾಜು ಎಲ್ಲಿ ಹಿಡಿಸಬೇಕು?

ಎರಡನೆಯದು: ಆಬ್ಜೆಕ್ಟಿವಿನ ಮೇಲೆ, ಕೊಳವೆಯಲ್ಲೇ 10 ಮಿಮೀ ತೂತು ಕೊರೆದು ಗಾಜನ್ನು ಒಳಗೆ ಕೂರಿಸಿದೆ. ಕೊರೆಯುವ ಮೊದಲು ಆಬ್ಜೆಕ್ಟಿವ್ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಹಿತ್ತಾಳೆ ಪುಡಿಯೆಲ್ಲ ಅದರ ಬೆನ್ನಿನ ಲೆನ್ಸಿನ ಮೇಲೆ. ಊದಿ, ಬ್ರಷ್ ಆಡಿಸಿ ತೆಗೆಯಲು ಅರ್ಧ ದಿನ ಹೋಯಿತು, ಒಂದು ಗೀರು ಈಗಲೂ ಉಳಿದಿದೆ. ಬೆಳಕು ಬಿಟ್ಟಾಗ ಕಂಡದ್ದು ಹಾಲಿನಂಥ ಬಿಳುಪು ಮಾತ್ರ. ಕೊಳವೆಯ ಒಳಮೈ ಹೊಳೆದು ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತಿತ್ತು. ಶಾಲೆಯ ಕರಿಹಲಗೆಗೆ ಬಳಿಯುವ ಕಪ್ಪು ಬಣ್ಣ ಒಳಗೆ ಬಳಿದು, ಎಲ್‌ಇಡಿ ಮುಂದೆ ಬಟರ್ ಪೇಪರ್ ಅಂಟಿಸಿದ ಮೇಲೆ ಚಿತ್ರ ಮೂಡಿತು.

40 ಪಟ್ಟಿನಲ್ಲಿ ಆದರೂ ಮಸುಕು. ಜೀವಶಾಸ್ತ್ರದ ಆಬ್ಜೆಕ್ಟಿವನ್ನು 0.17 ಮಿಮೀ ಕವರ್ ಗ್ಲಾಸ್ ಎದುರಿಗಿದೆ ಎಂದುಕೊಂಡೇ ಮಾಡಿರುತ್ತಾರೆ. ಸ್ಯಾಂಪಲ್ಲಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಕವರ್ ಗ್ಲಾಸ್ ಹೊದಿಸಿದೆ, ಅಂಚುಗಳು ಚೂಪಾದವು. ಕೆಟ್ಟ ಮಾನಿಟರಿನ ಪರದೆಯಿಂದ ಸುಲಿದ ಪೋಲರೈಜಿಂಗ್ ಹಾಳೆಯ (ಒಂದೇ ದಿಕ್ಕಿನ ಕಂಪನದ ಬೆಳಕನ್ನಷ್ಟೇ ಬಿಡುವುದು) ಎರಡು ತುಂಡುಗಳಲ್ಲಿ ಒಂದು ಬೆಳಕಿನ ಮುಂದೆ, ಇನ್ನೊಂದು ಐಪೀಸಿನ ಕೆಳಗೆ ಇಟ್ಟೆ. ಪುಕ್ಕಟೆ ಸಿಕ್ಕ ಈ ಹಾಳೆಯೇ ಕೊನೆಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹೇಳಿತು.

ಸ್ಯಾಂಪಲ್ ಸಮತಟ್ಟಾಗಿ ನಿಲ್ಲಿಸಲು ಮನೆಯ ಚಪಾತಿ ಕಣಕವೇ ಸಾಕಾಯಿತು. ಗಾಜಿನ ಸ್ಲೈಡ್ ಮೇಲೆ ಒಂದು ಉಂಡೆ, ಅದರ ಮೇಲೆ ಸ್ಯಾಂಪಲ್, ಸಮನಾಗಿ ಕತ್ತರಿಸಿದ ಪೈಪಿನ ತುಂಡಿನಿಂದ ಒತ್ತುವುದು.

ಜನವರಿ 12ರಿಂದ 18: ಪಾಲಿಶ್ ಎಂಬ ಗೋಳು

ಮೈಕ್ರೋಸ್ಕೋಪ್ ಕಟ್ಟಿದ್ದೇ ಸುಲಭದ ಭಾಗ. ತಾಮ್ರ ಮೆತ್ತಗೆ. ಉಜ್ಜಿದರೆ ಸವೆಯುವ ಬದಲು ಬೆಣ್ಣೆಯ ಹಾಗೆ ಹರಡಿಕೊಳ್ಳುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನೀರು ಕಾಗದದ (ನೀರಿನಲ್ಲಿ ಉಜ್ಜುವ ಮರಳು ಕಾಗದ) ಪುಡಿ ಹತ್ತಿದ ಕೈಯಲ್ಲೇ ತಿಂದೆ.

ಮೊದಲ ಸ್ಯಾಂಪಲನ್ನು ಗ್ರೈಂಡರಿನಲ್ಲಿ ಕತ್ತರಿಸಿದೆ. ಅಂಚು ನೀಲಿಗಟ್ಟಿತು. ಅಲ್ಲಿನ ರಚನೆ ಗ್ರೈಂಡರಿನದ್ದೇ ಹೊರತು ಬಾರಿನದ್ದಲ್ಲ. ಎಸೆದೆ. ಆಮೇಲಿನವನ್ನೆಲ್ಲ ಹ್ಯಾಕ್ಸಾದಲ್ಲಿ, ನೀರು ಬಿಡುತ್ತ ಕೊಯ್ದೆ. 25 ಮಿಮೀ ಪಿವಿಸಿ ಪೈಪಿನ ಬಳೆಯೊಳಗೆ ತುಂಡು ಇಟ್ಟು ಅರಾಲ್ಡೈಟ್ ಸುರಿದು ಒಂದು ರಾತ್ರಿ ಬಿಟ್ಟೆ. 220, 400, 600, 1000, 1500, 2000 ನಂಬರಿನ ನೀರು ಕಾಗದ, ಪ್ರತಿ ಸಲ 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವ ತನಕ. ಕೊನೆಗೆ ಬ್ಲೌಸಿನ ಮಖಮಲ್ಲಿನ ಮೇಲೆ 3 ಮೈಕ್ರಾನ್, ಬಳಿಕ 1 ಮೈಕ್ರಾನ್ ವಜ್ರದ ಪೇಸ್ಟು.

ಎರಡನೆಯ ಸ್ಯಾಂಪಲ್ಲಿಗೆ ಎರಡೂ ಪೇಸ್ಟನ್ನು ಒಂದೇ ಬಟ್ಟೆಯ ಮೇಲೆ ಹಾಕಿದೆ. 1 ಮೈಕ್ರಾನಿನ ಪಾಲಿಶಿಗೆ 3 ಮೈಕ್ರಾನಿನ ಗೀರು.

ಮೂರನೆಯದರಲ್ಲಿ ಕಪ್ಪು ಚುಕ್ಕೆಗಳ ಸಂತೆ. ಸಿಕ್ಕಿತು ಆಕ್ಸೈಡ್ (ತಾಮ್ರಕ್ಕೆ ಆಮ್ಲಜನಕ ಕೂಡಿ ಆದದ್ದು), ಅದೇ ಒಡಕಿನ ಮೂಲ ಎಂದು ಕುಣಿದಾಡಿ ಎರಡು ಪುಟ ಲೆಕ್ಕ ಬರೆದೆ. ಎಲ್ಲ ಸುಳ್ಳು. ಭಾರ ಹಾಕಿ ಉಜ್ಜಿದ್ದಕ್ಕೆ ಕಾಗದದ ಹರಳುಗಳೇ ಮೆತ್ತಗಿನ ತಾಮ್ರದೊಳಗೆ ಹೂತುಕೊಂಡಿದ್ದವು. ಎರಡು ಪೋಲರೈಜಿಂಗ್ ಹಾಳೆಗಳನ್ನು ಒಂದಕ್ಕೊಂದು ಅಡ್ಡ ತಿರುಗಿಸಿದಾಗ ಗುಟ್ಟು ಬಯಲಾಯಿತು. ತಾಮ್ರದ ಆಕ್ಸೈಡ್ ಸಾದಾ ಬೆಳಕಿನಲ್ಲಿ ನೀಲಿ-ಬೂದು ಕಂಡರೂ ಅಡ್ಡ ಪೋಲರೈಜರಿನಲ್ಲಿ ಮಾಣಿಕ್ಯದಂತೆ ಕೆಂಪಗೆ ಹೊಳೆಯಬೇಕು. ತಾಮ್ರದ ಸಲ್ಫೈಡ್ ಸಾದಾ ಬೆಳಕಿನಲ್ಲಿ ಹೆಚ್ಚುಕಡಿಮೆ ಹಾಗೇ ಕಂಡರೂ ಕೆಂಪಾಗುವುದಿಲ್ಲ. ನನ್ನ ಚುಕ್ಕೆಗಳಲ್ಲಿ ಕೆಂಪಾದದ್ದು ಹತ್ತಕ್ಕೆ ಎರಡೋ ಮೂರೋ. ಅಂದಿನಿಂದ ಕೆಂಪು ಕಾಣದ ಚುಕ್ಕೆಯನ್ನು ಆಕ್ಸೈಡ್ ಲೆಕ್ಕಕ್ಕೆ ಹಿಡಿದಿಲ್ಲ.

ನಾಲ್ಕನೆಯದಕ್ಕೆ ಪಾಲಿಶ್ ಚೆನ್ನಾಗಿ ಬಂತು, ಅವಸರ ನನ್ನನ್ನು ಕೆಡಿಸಿತು. ನೋಡುವ ಮೊದಲೇ ಎಚ್ ಮಾಡಿದೆ (ಒಳರಚನೆ ಎದ್ದು ಕಾಣಲು ದ್ರಾವಣದಿಂದ ಮೈ ಕೊರೆಸುವುದು), ಅದೂ ಪಿಸಿಬಿ ಕೊರೆಯುವ ಫೆರಿಕ್ ಕ್ಲೋರೈಡಿನಲ್ಲಿ. ಮೈಯೆಲ್ಲ ಕಪ್ಪಾಯಿತು. ಎಚ್ ಮಾಡಿದರೆ ಆಕ್ಸೈಡ್ ಕಣಗಳು ಕರಗಿ ಗುಂಡಿ ಉಳಿಯುತ್ತವೆ. ಮೊದಲೇ ಇದ್ದ ತೂತು ಯಾವುದು, ನಾನು ಮಾಡಿದ್ದು ಯಾವುದು ತಿಳಿಯುವುದಿಲ್ಲ. ಆಕ್ಸೈಡ್ ನೋಡಬೇಕಾದರೆ ಬರೀ ಪಾಲಿಶಿನಲ್ಲಿ ನೋಡಿ ಫೋಟೋ ತೆಗೆದು, ಆಮೇಲೆ ಎಚ್ ಮಾಡಬೇಕು.

ಐದನೆಯದು ಸರಿಹೋಯಿತು. ಎಚ್ ಮಾಡಲು ಅಮೋನಿಯಾ ದ್ರಾವಣ, ನೀರು, ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಶೇ 3ಕ್ಕೆ ಇಳಿಸಿದ್ದು, ಮೂರೂ ಸಮಪಾಲು. ಹತ್ತಿಯಲ್ಲಿ ಅದ್ದಿ ಹತ್ತು ಸೆಕೆಂಡು ಒರೆಸಿ ನೀರಲ್ಲಿ ತೊಳೆದೆ. ಆಗಿಂದಾಗ ಬೆರೆಸಿ ಉಳಿದದ್ದನ್ನು ಚೆಲ್ಲಬೇಕು. ಸೀಸೆಯಲ್ಲಿ ಬಿರಡೆ ಹಾಕಿ ಇಟ್ಟರೆ ಗ್ಯಾಸ್ ತುಂಬಿ ಸಿಡಿಯುತ್ತದೆ. ಕಿಟಕಿ ತೆರೆದಿರಲಿ.

ಜನವರಿ 19: ಕಂಡದ್ದು

ಗ್ಯಾಸ್ ಕಾಣದ ಬಾರನ್ನು ಉದ್ದಕ್ಕೆ ಕೊಯ್ದು ನೋಡಿದೆ. ಗುಲಾಬಿ ತಾಮ್ರದ ಮೈಯಲ್ಲಿ ಸಣ್ಣ ಬೂದು ಕಣಗಳು, ಬಾರನ್ನು ಎಳೆದ ದಿಕ್ಕಿಗೇ ಮಣಿಸರದಂತೆ ಸಾಲಾಗಿ. ಪೋಲರೈಜರ್ ತಿರುಗಿಸಿದರೆ ಸರವೆಲ್ಲ ಕೆಂಪು. ಒಂದೊಂದು ಕಣ 2ರಿಂದ 5 ಮೈಕ್ರಾನ್. ಬಿರುಕು ಒಂದೂ ಇಲ್ಲ.

ಒಡೆದ ಬಾರು, ರಿಂಗಿನಿಂದ 4 ಮಿಮೀ. ನಡುಮಧ್ಯದಲ್ಲಿ ಅದೇ ಕೆಂಪು ಮಣಿಸರ. ಅಲ್ಲಿಂದ ಮೇಲ್ಮೈ ಕಡೆಗೆ ಸ್ಲೈಡನ್ನು ಮೆಲ್ಲಗೆ ಸರಿಸಿದೆ. ಮೇಲ್ಮೈಗೆ ಒಂದೂವರೆ ಮಿಲಿಮೀಟರ್ ಇರುವಾಗ ಕೆಂಪು ಕಣಗಳು ನಿಂತೇ ಹೋದವು. ಅವುಗಳ ಬದಲು ಗ್ರೇನುಗಳ (ತಾಮ್ರದೊಳಗಿನ ಹರಳುಗಳ) ಗಡಿಯಲ್ಲಿ ಕಪ್ಪು ತೂತುಗಳ ಸಾಲು. ಕೆಲವು ಕಡೆ ತೂತುಗಳು ಕೂಡಿ ಗೆರೆಯಾಗಿದ್ದವು. ಹೊಲದ ಬದುವೆಲ್ಲ ಬಿರಿದ ಹಾಗೆ. ದೊಡ್ಡ ಸೀಳು ಹುಟ್ಟಿದ್ದೇ ಆ ಗೆರೆಯೊಂದರಲ್ಲಿ.

ನಡೆದದ್ದು ಇಷ್ಟು. ಸಾಮಾನ್ಯ ವಿದ್ಯುತ್ ತಾಮ್ರದಲ್ಲಿ ಶೇ 0.02ರಿಂದ 0.05ರಷ್ಟು ಆಮ್ಲಜನಕವನ್ನು ಬೇಕೆಂದೇ ಬಿಟ್ಟಿರುತ್ತಾರೆ, ಟಫ್ ಪಿಚ್ ಅನ್ನುತ್ತಾರೆ ಅದಕ್ಕೆ. ಕರೆಂಟಿಗೆ ಅಡ್ಡ ಬರುವ ಕಲ್ಮಷಗಳನ್ನು ಅದು ಆಕ್ಸೈಡಾಗಿ ಕಟ್ಟಿಹಾಕುತ್ತದೆ, ಹಾಗಾಗಿ ಮೀಟರಿನಲ್ಲಿ 99.3. ಅಸಿಟಿಲೀನ್ ಹೆಚ್ಚಿಟ್ಟ ಉರಿಯಲ್ಲಿ ಹೈಡ್ರೋಜನ್ ಇರುತ್ತದೆ. ಕಾದ ತಾಮ್ರದೊಳಗೆ ಅದು ಸಲೀಸಾಗಿ ನುಗ್ಗಿ ಆಕ್ಸೈಡಿನ ಆಮ್ಲಜನಕವನ್ನು ಹಿಡಿದು ಉಗಿಯಾಗುತ್ತದೆ. ಉಗಿಗೆ ತಾಮ್ರದಿಂದ ಹೊರಬರಲು ದಾರಿ ಇಲ್ಲ, ಕುಕ್ಕರಿನ ಹಾಗೆ ಒತ್ತಡ ಕಟ್ಟಿ ಗ್ರೇನುಗಳ ನಡುವೆ ಸೀಳುತ್ತದೆ. ದಿನಕ್ಕೆ ಹತ್ತಾರು ಸಲ ಚಾಲೂ-ಬಂದ್ ಆಗುವ ಜಿನ್ನಿಂಗ್ ಮೋಟರು ಉಳಿದ ಕೆಲಸ ಮುಗಿಸಿತು.

ಖಾತ್ರಿಗೆ ಇನ್ನೊಂದು ಪರೀಕ್ಷೆ. ಅದೇ 2 ಮೀಟರ್ ತುಂಡಿನಿಂದ ಎರಡು ಪಟ್ಟಿ ಕತ್ತರಿಸಿದೆ. ಒಂದನ್ನು ಹಾಗೇ ವೈಸಿನಲ್ಲಿ ಮಡಚಿದೆ, ಹಾಳೆಯಂತೆ ಮಡಚಿತು. ಇನ್ನೊಂದನ್ನು ಅಸಿಟಿಲೀನ್ ಹೆಚ್ಚಿದ ಉರಿಯಲ್ಲಿ ಐದು ನಿಮಿಷ ಕೆಂಪಗೆ ಕಾಯಿಸಿ, ಆರಿಸಿ ಮಡಚಿದೆ. ಅರ್ಧಕ್ಕೇ ಬಾಯಿ ಬಿಟ್ಟಿತು. ಎಎಸ್‌ಟಿಎಮ್ ಬಿ577 ಎಂಬ ಅಮೆರಿಕದ ಮಾನಕ ಹೇಳುವುದೂ ಇದನ್ನೇ: 850 ಡಿಗ್ರಿಯ ಹೈಡ್ರೋಜನ್ನಿನಲ್ಲಿ ಕಾಯಿಸು, ಮೈಕ್ರೋಸ್ಕೋಪಿನಲ್ಲಿ ನೋಡು ಇಲ್ಲವೇ ಮಡಚು. ನನ್ನದು ಬಡವರ ಬಿ577.

ಜನವರಿ 20: ಹಳೇ ಹುಬ್ಬಳ್ಳಿ, ಅರ್ಧ ಕಿಲೋ ಪೇಡೆ

ಕಾಕಾನ ಮನೆಗೆ ಹೋಗಿ ತಪ್ಪಾತು ಅಂದೆ. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ ಕೇಳಿದರು, "ಹಂಗಾದ್ರ ನನ್ನ ಉರೀದೂ ಪಾಲು ಐತಿ ಅಲ್ಲ?" ಹೌದು. ತಾಮ್ರ ಕಪ್ಪಾಗಬಾರದೆಂದು ಅವರು ಅಸಿಟಿಲೀನ್ ಒಂದಿಷ್ಟು ಹೆಚ್ಚಿಟ್ಟೇ ಬೆಸೆಯುತ್ತಾರೆ. ಬೆಸುಗೆ ಲಕಲಕ ಹೊಳೆಯುತ್ತದೆ. ಆ ಹೊಳಪಿನ ಉರಿಯೇ ಒಳಗೆ ಹೈಡ್ರೋಜನ್ ಕಳಿಸಿದ್ದು. ಆದರೆ ಗ್ಯಾಸ್ ಹಚ್ಚುವ ಕೆಲಸಕ್ಕೆ ಯಾವ ತಾಮ್ರ ಎಂದು ಕೇಳದೆ ಅಗ್ಗದ್ದು ತಂದವನು ನಾನು.

ಕಾಕಾಗೆ ಇನ್ನೊಂದು ಸಂಶಯ. "ನಮ್ಮವ್ವನ ಬಚ್ಚಲಾಗಿನ ಹಂಡೇವು ಐವತ್ತು ವರ್ಷ ಕಟಗಿ ಉರಿ ಮ್ಯಾಲಿತ್ತು. ಅದ್ಯಾಕ ಒಡೀಲಿಲ್ಲ?" ಒಳ್ಳೆಯ ಪ್ರಶ್ನೆ. ಕಂಚಗಾರ ಗಲ್ಲಿಯಲ್ಲಿ ಗುಜರಿಗೆ ಬಂದ ಹಳೆಯ ಹಂಡೆಯ ತಳದ ಚೂರು 90 ರೂಪಾಯಿಗೆ ತಂದು ಪಾಲಿಶ್ ಮಾಡಿದೆ. ನಮ್ಮ ಬಾರಿಗಿಂತ ಹೆಚ್ಚು ಕೆಂಪು ಕಣಗಳು, ದಪ್ಪ ದಪ್ಪ. ಗಡಿಗಳು ಮಾತ್ರ ಗಟ್ಟಿ, ಒಂದೂ ತೂತಿಲ್ಲ. ಹಂಡೆಯಲ್ಲಿ ನೀರಿರುವ ತನಕ ತಳ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹೈಡ್ರೋಜನ್ನಿನ ಈ ಆಟಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕು.

ಜನವರಿ 27ರಿಂದ ಫೆಬ್ರವರಿ 9: ರಿಂಗಿನ ಐದು ಎರಕ

ಎರಡು ಎಂಡ್ ರಿಂಗುಗಳಲ್ಲಿ ಒಂದು ಲೇತಿನಲ್ಲಿ ಎರಡು ಸಲ ಸವೆದು ತೆಳ್ಳಗಾಗಿತ್ತು. ಹೊಸದು ಎರೆಯಲೇಬೇಕು. ಹೊರವ್ಯಾಸ 250, ಒಳವ್ಯಾಸ 190, ದಪ್ಪ 25 ಮಿಮೀ, ತೂಕ ಸುಮಾರು 4.6 ಕಿಲೋ. ತಾರಿಹಾಳದಲ್ಲಿ ಗನ್‌ಮೆಟಲ್ (ತವರ, ಸತು ಬೆರೆತ ತಾಮ್ರ) ವಾಲ್ವ್ ಎರೆಯುವ ಗೆಳೆಯನ ಫೌಂಡ್ರಿ. ಒಂದು ಕುದಿಗೆ ಡೀಸೆಲ್ ಖರ್ಚು 700. ಪ್ರತಿ ಸಲ 6 ಕಿಲೋ ಸುಟ್ಟ ವೈಂಡಿಂಗ್ ತಂತಿ. ರಿಂಗಿನ ಜೊತೆಗೆ ಪರೀಕ್ಷೆಗೊಂದು ಬಿಲ್ಲೆ, ಒಂದು ಸಣ್ಣ ರಾಡು.

ಎರಕದ ತಾಮ್ರದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಕಣ್ಣಳತೆಯಲ್ಲೇ ಹೇಳಬಹುದು. ತಾಮ್ರ ಮೊದಲು ಹೆಪ್ಪುಗಟ್ಟಿ ದ್ವೀಪಗಳಾಗುತ್ತದೆ. ಕೊನೆಗೆ 1066 ಡಿಗ್ರಿಯಲ್ಲಿ ಗಟ್ಟಿಯಾಗುವ ಯುಟೆಕ್ಟಿಕ್ (ತಾಮ್ರ-ಆಕ್ಸೈಡ್ ಕೂಡಿದ ಮಿಶ್ರಣ) ದ್ವೀಪಗಳ ಸುತ್ತ ಚುಕ್ಕಿಚುಕ್ಕಿಯ ಬಲೆಯಾಗುತ್ತದೆ. ಆ ಬಲೆಯಲ್ಲಿ ಶೇ 0.39 ಆಮ್ಲಜನಕ. ಚಿತ್ರದಲ್ಲಿ ಬಲೆ ಎಷ್ಟು ಪಾಲು ಎಂದು ಎಣಿಸಿ 0.39ರಿಂದ ಗುಣಿಸಿದರೆ ಆಯಿತು. ಪಾರದರ್ಶಕ ಹಾಳೆಯ ಮೇಲೆ 100 ಚುಕ್ಕೆ ಇಟ್ಟು ಐದು ಫೋಟೋಗಳ ಮೇಲೆ ಹೊದಿಸಿದೆ, 500 ಚುಕ್ಕೆ. ಎಳೆದ, ಬಡಿದ ತಾಮ್ರಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಬಲೆ ಹರಿದು ಸರವಾಗಿರುತ್ತದೆ.

ಒಂದನೇ ಎರಕ: ಮುಚ್ಚಿಗೆ ಇಲ್ಲದೆ ಕರಗಿಸಿದ್ದು. ಬಿಲ್ಲೆಯ ನಡು ಕುಸಿಯಿತು. ಅರ್ಧ ಕೊಯ್ದು ಮುರಿದರೆ ಇಟ್ಟಂಗಿಯ ಕೆಂಪು, ದಪ್ಪ ಹರಳು. ಎಣಿಕೆಯಲ್ಲಿ ತಪ್ಪಿದೆ: ಬಲೆಯೊಳಗಿನ ಆಕ್ಸೈಡ್ ಚುಕ್ಕೆಗಳನ್ನು ಮಾತ್ರ ಎಣಿಸಿ, ಆಮ್ಲಜನಕ ಏನೂ ಇಲ್ಲ ಎಂದು ಬರೆದೆ. ಯುಟೆಕ್ಟಿಕ್ಕಿನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಮೂರೂವರೆ ಪಾಲಷ್ಟೇ ಆಕ್ಸೈಡು, ಉಳಿದದ್ದು ತಾಮ್ರವೇ. ಬಲೆಯನ್ನು ಇಡಿಯಾಗಿ ಎಣಿಸಬೇಕು. ಮತ್ತೆ ಎಣಿಸಿದೆ: 500ಕ್ಕೆ 171, ಅಂದರೆ ಶೇ 0.133. ಬಹಳ ಹೆಚ್ಚು.

ಎರಡನೇ ಎರಕ: ಮೇಲೆ ಇದ್ದಿಲು ಮುಚ್ಚಿ, ಹಸಿ ಬೇವಿನ ಕೋಲನ್ನು ಕರಗಿದ ತಾಮ್ರದಲ್ಲಿ ಅದ್ದಿ ಹಿಡಿದೆವು. ಹಸಿ ಕಟ್ಟಿಗೆ ಬಿಡುವ ಗ್ಯಾಸು ಆಮ್ಲಜನಕವನ್ನು ಎಳೆದು ಹಾಕುತ್ತದೆ, ತಾಮ್ರ ಶುದ್ಧಿ ಮಾಡುವವರ ಹಳೆಯ ಪದ್ಧತಿ. ಕುದಿ, ಹೊಗೆ, ಕಿಡಿ! ಚರ್ಮದ ಏಪ್ರನ್, ಮುಖಕ್ಕೆ ಕವಚ ಇಲ್ಲದೆ ಹತ್ತಿರ ಹೋಗಬಾರದು. ಕೋಲಿನ ಮೇಲ್ಮೈಯಲ್ಲಿ ನೀರಂತೂ ಇರಲೇಬಾರದು. ಹೆಚ್ಚು ಹಿಡಿದಷ್ಟು ಒಳ್ಳೆಯದೆಂದು ಏಳು ನಿಮಿಷ ಹಿಡಿದೆವು. ಬಿಲ್ಲೆ ಪೂರಿಯ ಹಾಗೆ ಉಬ್ಬಿತು. ಕೊಯ್ದರೆ ಇಡ್ಲಿ. ಮೈಕ್ರೋಸ್ಕೋಪಿನಲ್ಲಿ ಬಲೆ ಹೆಚ್ಚುಕಡಿಮೆ ಇಲ್ಲ, ಬರೀ ದುಂಡನೆಯ ಗಾಳಿಗುಳ್ಳೆ. ಆಮ್ಲಜನಕ ಹೋದ ಜಾಗಕ್ಕೆ ಹೈಡ್ರೋಜನ್ ಸೇರಿಕೊಂಡಿತ್ತು.

ಮೂರನೆಯದು: ಕೋಲು ಎರಡು ನಿಮಿಷ. ಬಿಲ್ಲೆಯ ಮೇಲ್ಮೈ ಸಮತಟ್ಟು, ಕೆನೆಯಂತೆ ಸಣ್ಣ ಸುಕ್ಕು. ಮುರಿದರೆ ರೇಷ್ಮೆಯಂಥ ನವಿರು ಗುಲಾಬಿ. 500ಕ್ಕೆ 31, ಶೇ 0.024. ತೆಳ್ಳನೆಯ ಚೆಂದದ ಬಲೆ. ಅವತ್ತು ನಾನೂ ಗೆಳೆಯನೂ ಗಿರಮಿಟ್ಟು ಮಿರ್ಚಿ ತಿಂದು ಹಬ್ಬ ಮಾಡಿದೆವು. ಮರುದಿನ ಕಾಕಾ ಫೋಟೋ ನೋಡಿ, "ಮಸ್ತ್ ಐತಿ. ಆದ್ರ ಇದಕ್ಕ ನಾ ಗ್ಯಾಸ್ ಹಚ್ಚಿದ್ರ ಮತ್ತ ಅದ ಕಥಿ ಅಲ್ಲೇನು?" ಅಂದರು. ನಾನೇ ಹತ್ತು ದಿನದಿಂದ ಊರಿಗೆಲ್ಲ ಹೇಳುತ್ತಿದ್ದ ಮಾತು. ಚೆಂದದ ಟಫ್ ಪಿಚ್ ಮಾಡಿಟ್ಟಿದ್ದೆ, ನನಗೆ ಬೇಡವಾದದ್ದನ್ನು.

ನಾಲ್ಕನೆಯದು: ಮೂರನೆಯದರ ಹಾಗೇ ಮಾಡಿ, ಸುರಿಯುವ ಮೊದಲು, ಉಳಿದ ಆಮ್ಲಜನಕವನ್ನು ಕಟ್ಟಿಹಾಕಲು, ಶೇ 15 ರಂಜಕ ಇರುವ ತಾಮ್ರ, ಅಂದರೆ ಫಾಸ್ಫರ್ ಕಾಪರ್, ಸೇರಿಸಿದೆ. ಎಷ್ಟು? ಅಂದಾಜಿಗೆ 60 ಗ್ರಾಂ. ಮೈಕ್ರೋಸ್ಕೋಪಿನಲ್ಲಿ ಕನ್ನಡಿ! ಕೆಂಪಿಲ್ಲ, ಗುಳ್ಳೆಯಿಲ್ಲ. ಐದು ನಿಮಿಷ ಉರಿಯಲ್ಲಿ ಕಾಯಿಸಿ ಮಡಚಿದರೂ ಬಿರುಕಿಲ್ಲ. ಮುಗಿಯಿತು ಅಂದುಕೊಂಡೆ. ಮಗಳು ರಾಡಿನ ಮಿಲಿವೋಲ್ಟ್ ನೋಡೆಂದು ಪಟ್ಟು ಹಿಡಿದಳು. ರಾಡನ್ನು 6 ಮಿಮೀಗೆ ಲೇತಿನಲ್ಲಿ ಇಳಿಸಿ, 200 ಮಿಮೀ ಅಂತರ, 100 ಆಂಪಿಯರ್. ಚೊಕ್ಕ ತಾಮ್ರಕ್ಕೆ ಅವತ್ತಿನ 30 ಡಿಗ್ರಿಯಲ್ಲಿ 12.7 ಬರಬೇಕು. ಮೂರನೇ ಎರಕ 13.0 ಕೊಟ್ಟಿತ್ತು. ಇದು 25.6! ವಾಹಕತೆ ಅರ್ಧಕ್ಕರ್ಧ ಖಲಾಸ್. ತಾಮ್ರದಲ್ಲಿ ಕರಗಿ ಕೂತ ರಂಜಕ ಮೈಕ್ರೋಸ್ಕೋಪಿಗೆ ಕಾಣುವುದೇ ಇಲ್ಲ. ಮೀಟರಿಗೆ ಆಕ್ಸೈಡ್ ಕಾಣಲಿಲ್ಲ, ಮೈಕ್ರೋಸ್ಕೋಪಿಗೆ ರಂಜಕ ಕಾಣಲಿಲ್ಲ.

ಐದನೆಯದು: ಈ ಸಲ ಲೆಕ್ಕ ಹಾಕಿದೆ. 6 ಕಿಲೋದಲ್ಲಿ ಶೇ 0.024 ಅಂದರೆ 1.4 ಗ್ರಾಂ ಆಮ್ಲಜನಕ, ಅದನ್ನು ಕಟ್ಟಲು 1.1 ಗ್ರಾಂ ರಂಜಕ. ಮೇಲೆ ಒಂದೂವರೆ-ಎರಡು ಗ್ರಾಂ ಉಳಿಯಲಿ. ಒಟ್ಟು 3 ಗ್ರಾಂ, ಅಂದರೆ 20 ಗ್ರಾಂ ಫಾಸ್ಫರ್ ಕಾಪರ್. ರಾಡಿನ ಮಿಲಿವೋಲ್ಟ್ 15.1, ಅಂದರೆ ವಾಹಕತೆ ಶೇ 84. ಮಡಚು ಪರೀಕ್ಷೆ ಪಾಸು, ಕೆಂಪು ಕಣ ಶೂನ್ಯ. ಕಮ್ಮಿಯಾದ ವಾಹಕತೆಗೆ ರಿಂಗಿನ ದಪ್ಪ 25ರ ಬದಲು 30 ಮಿಮೀ ಆಗಬೇಕಿತ್ತು. ಅಚ್ಚು ಮೊದಲೇ 32ಕ್ಕೆ ತಿದ್ದಿಟ್ಟಿದ್ದರಿಂದ ಬಚಾವ್, ತೂಕಕ್ಕೆ ತಂತಿಯನ್ನು ಮಾತ್ರ ಒಂದೂವರೆ ಕಿಲೋ ಹೆಚ್ಚಿಗೆ ಹಾಕಿದೆವು. ಮೇಲಿನ ಲೆಕ್ಕ ಅಷ್ಟರ ಮಟ್ಟಿಗೆ ಹಿಂದುಮುಂದು. ಕೆಟ್ಟ ರಿಂಗುಗಳಲ್ಲಿ ಒಂದನೆಯದು, ಎರಡನೆಯದು ಮತ್ತೆ ಮೂಸೆಗೆ ಹೋದವು. ನಾಲ್ಕನೆಯದನ್ನು ಗೆಳೆಯ ಗನ್‌ಮೆಟಲ್ ಕುದಿಗೆ ಸ್ವಲ್ಪ ಸ್ವಲ್ಪ ಸೇರಿಸಿ ಮುಗಿಸುತ್ತಿದ್ದಾನೆ.

ಫೆಬ್ರವರಿ 14: ಹೊಸ ಬಾರು

ಬಾರುಗಳಿಗೆ ರಂಜಕದ ತಾಮ್ರ ಬೇಡವೆಂದು ಆಕ್ಸಿಜನ್-ಫ್ರೀ ತರಿಸಿದೆ. ಅದರಲ್ಲಿ ಆಮ್ಲಜನಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಬಾರದು. 3 ಮೀಟರಿನ 7 ಉದ್ದ, 22.4 ಕಿಲೋ, ಕಿಲೋಗೆ 1,180ರಂತೆ 26,432 ರೂಪಾಯಿ. ನವೆಂಬರಿನ ಬಾರಿಗೆ ಕಿಲೋಗೆ 940 ಕೊಟ್ಟಿದ್ದೆ. ಐದು ಸಾವಿರ ಉಳಿಸಲು ಹೋದದ್ದರ ಫಲ ಇದೆಲ್ಲ.

ಪ್ರತಿ ಉದ್ದದಿಂದಲೂ ಒಂದು ತುಂಡು ಕತ್ತರಿಸಿ ಉರಿಯಲ್ಲಿ ಕಾಯಿಸಿ ಮಡಚಿದೆ. ಐದು ಪಾಸು. ಎರಡು ಬಾಯಿ ಬಿಟ್ಟವು. ಪಾಲಿಶ್ ಮಾಡಿದರೆ ಅದೇ ಕೆಂಪು ಮಣಿಸರ. ಒಂದೇ ಬಂಡಲ್, ಒಂದೇ ಸರ್ಟಿಫಿಕೇಟು, ಒಳಗೆ ಬೆರಕೆ. ಫೋಟೋ ಕಳಿಸಿದೆ, ತಕರಾರಿಲ್ಲದೆ ಎರಡನ್ನೂ ಬದಲಿಸಿ ಕೊಟ್ಟರು. ಬದಲಿಗೆ ಬಂದವನ್ನೂ ಕಾಯಿಸಿ ಮಡಚಿದೆ, ಸರಿ ಇದ್ದವು.

ಫೆಬ್ರವರಿ 20ರಿಂದ 24: ಜೋಡಣೆ

ಕಾಕಾ ಹೊಳಪಿನ ಚಿಂತೆ ಬಿಟ್ಟು ಉರಿಯನ್ನು ಸಮಕ್ಕೆ ಇಟ್ಟುಕೊಂಡರು. ಸಿಲ್ವರ್ ಇರುವ ಫಾಸ್ಫರಸ್ ರಾಡು, ಬೇಗ ಕಾಯಿಸಿ ಬೇಗ ಮುಗಿಸುವುದು. ತಾಮ್ರ ಕಪ್ಪಾಯಿತು, ವೈರ್ ಬ್ರಷ್ಷಿನಲ್ಲಿ ಉಜ್ಜಿದೆವು. ಹಳೆಯ ಇನ್ನೊಂದು ರಿಂಗಿನ ಚೂರನ್ನೂ ಕಾಯಿಸಿ ಮಡಚಿ ನೋಡಿದೆ, ಗಟ್ಟಿ ಇತ್ತು. ಮೂಲ ತಯಾರಕರು ತಿಳಿದೇ ಹಾಕಿದ್ದರು. ಬ್ಯಾಲನ್ಸಿಂಗಿಗೆ 2,200. 24ಕ್ಕೆ ಮೋಟರು ಗದಗಿಗೆ ಹೋಯಿತು.

ಮೈಕ್ರೋಸ್ಕೋಪಿನ ಸೆಟ್ಟಿಗೆ ಬಿದ್ದ ಖರ್ಚು: ಹಳೆಯ ಮೈಕ್ರೋಸ್ಕೋಪ್ 2,800, ಎಲ್‌ಇಡಿ 120, ಕವರ್ ಗ್ಲಾಸ್ 90, ನೀರು ಕಾಗದ 380, ಎರಡು ವಜ್ರದ ಪೇಸ್ಟು 900, ಅಮೋನಿಯಾ-ಪೆರಾಕ್ಸೈಡ್ 160, ಅರಾಲ್ಡೈಟ್ ಮತ್ತು ಪೈಪು 250. ಒಟ್ಟು 4,700.

ಮಾರ್ಚ್ 30

ಗದಗಿಗೆ ಹೋಗಿ ನೋಡಿ ಬಂದೆ. ಮುಳ್ಳು ಅಲುಗಾಡದೆ ನಿಂತಿದೆ. ನವೆಂಬರಿನ ಬಾರುಗಳು 39 ದಿನಕ್ಕೆ ಒಡೆದಿದ್ದವು, ಇವಕ್ಕೆ ಇಂದಿಗೆ 34. ಸೀಸನ್ ಮುಗಿಯುತ್ತ ಬಂದದ್ದರಿಂದ ಲೋಡೂ ಕಡಿಮೆ, ಹಾಗಾಗಿ ಇನ್ನೂ ಎದೆ ಹಗುರ ಮಾಡಿಕೊಂಡಿಲ್ಲ.

ರೋಟರಿನಿಂದ ಕಿತ್ತ 44 ಹಳೆಯ ಬಾರುಗಳ ಎರಡೂ ತುದಿಗಳನ್ನು 40 ಮಿಮೀ ಕತ್ತರಿಸಿ ಗುಜರಿಗೆ ಹಾಕಿದೆ. ನಡುವಿನ 330 ಮಿಮೀ ತುಂಡುಗಳಲ್ಲಿ ಕೆಂಪು ಮಣಿಸರ ಹಾಗೇ ಇದೆ, ತೂತು ಒಂದೂ ಇಲ್ಲ. ಪಕ್ಕದ ಶೆಡ್ಡಿನ ಪ್ಯಾನಲ್ ಬೋರ್ಡ್ ಮಾಡುವವನು ಬಸ್‌ಬಾರಿಗೆ (ಬೋರ್ಡಿನೊಳಗೆ ಕರೆಂಟು ಹಂಚುವ ಪಟ್ಟಿ) ಕೇಳಿದ. "ಒಡದ ತಾಂಬ್ರ ಅಲ್ಲೇನೋ ಇದು?" ಎಂದು ಅನುಮಾನ ಬೇರೆ. ಐಪೀಸಿಗೆ ಕಣ್ಣು ಹಚ್ಚಿಸಿ, "ಬೋಲ್ಟ್ ಹಾಕು, ಗ್ಯಾಸ್ ಮಾತ್ರ ಹಚ್ಚಬ್ಯಾಡ" ಅಂದೆ. 40 ತುಂಡು ಒಯ್ದಿದ್ದಾನೆ. ರೊಕ್ಕ ಇನ್ನೂ ಕೊಟ್ಟಿಲ್ಲ.